ಹುಲ್ಲುಹಾಸೂ ಉಣ್ಣೆಯೂ

(ಬಾನುಲಿ ಭಾಷಣದ ಬರಹರೂಪ)

ಇಬ್ಬನಿ ಆರುವ ಮುನ್ನ ಹಸುರು ಹುಲ್ಲಿನ ಮೇಲೆ ಬರಿಗಾಲಿನಲ್ಲಿ ನಡೆದರೆ ಕಣ್ಣಿಗೆ ಒಳ್ಳೆಯದು ಎಂಬ ನಂಬಿಕೆ ನಮ್ಮಲ್ಲಿ ಬಹಳ ಹಳೆಯದು. ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿ.ಟಿ.ಎಂ. ಬಡಾವಣೆಗಳ ಉದ್ಯಾನಗಳಲ್ಲಿ, ಹುಲ್ಲಿನ ಮೇಲೆ ನಡೆಯಬಾರದೆಂಬ ಫಲಕ ಇಲ್ಲದ ಕಡೆ, ಮತ್ತು ಕೆಲವೊಮ್ಮೆ ಇರುವ ಕಡೆಯಲ್ಲಿಯೂ, ಬೆಳಗಿನ ಹೊತ್ತು ಚಪ್ಪಲಿಗಳನ್ನು ಕಾಲುದಾರಿಯ ಪಕ್ಕದಲ್ಲಿ ಬಿಟ್ಟು ಮೆಲ್ಲನೆ ಹೆಜ್ಜೆಯಿಡುವ ಹಿರಿಯರನ್ನು ಕಾಣಬಹುದು. ಈ ನಂಬಿಕೆಯ ಸತ್ಯಾಸತ್ಯವನ್ನು ಕಣ್ಣಿನ ವೈದ್ಯರಿಗೇ ಬಿಡೋಣ. ಮನಸ್ಸಿಗೆ ಅದರಿಂದ ಹಿತವಾಗುತ್ತದೆ ಎಂಬುದರಲ್ಲಿ ಮಾತ್ರ ಸಂದೇಹವಿಲ್ಲ.

ಆದರೆ ಈಚಿನ ವರ್ಷಗಳಲ್ಲಿ ಈ ಹಿತಕ್ಕೆ ಒಂದು ಅಳುಕು ಬಂದು ಸೇರಿಕೊಂಡಿದೆ. ಅಮೆರಿಕದ ನ್ಯೂಜೆರ್ಸಿಯಲ್ಲೋ ಕನೆಕ್ಟಿಕಟ್ಟಿನಲ್ಲೋ ನೆಲಸಿರುವ ಮಕ್ಕಳು ದೂರವಾಣಿಯಲ್ಲಿ, "ಅಪ್ಪಾ, ಹುಲ್ಲಿನ ಮೇಲೆ ಕೂರಬೇಡಿ, ಉಣ್ಣೆ ಹತ್ತಿಕೊಳ್ಳುತ್ತದೆ" ಎಂದು ಎಚ್ಚರಿಸುತ್ತಾರೆ. ಅಪ್ಪನಿಗೆ ನಗು ಬರುತ್ತದೆ. ಉಣ್ಣೆ ಎಂದರೆ ಹಳ್ಳಿಯ ಕೊಟ್ಟಿಗೆಯ ಮಾತು. ವಾರಕ್ಕೊಮ್ಮೆ ಯಂತ್ರದಿಂದ ಕತ್ತರಿಸಿ, ನೀರುಣಿಸಿ, ಕಂಬಳಿಯಂತೆ ಹಾಸಿದ ಈ ಹುಲ್ಲಿಗೂ ಅದಕ್ಕೂ ಏನು ಸಂಬಂಧ? ಹೀಗೆ ಒಂದು ಕಡೆ ಅತಿಯಾದ ಭಯ, ಇನ್ನೊಂದು ಕಡೆ ಅತಿಯಾದ ನೆಮ್ಮದಿ. ಈ ಎರಡರ ನಡುವೆ ನಿಜವೆಂಬುದು ಎಲ್ಲಿದೆ ಎಂದು ವಿಚಾರಿಸುವುದು ಈ ಮಾತುಗಳ ಉದ್ದೇಶ.

ಮೊದಲು ಹೆಸರಿನಿಂದಲೇ ತೊಡಗೋಣ. ಇಂದಿನ ನಗರದ ಮಕ್ಕಳಿಗೆ ಉಣ್ಣೆ ಎಂದರೆ ಚಳಿಗಾಲದ ಅಂಗಿಗೆ ಬೇಕಾಗುವ ಕುರಿಯ ತುಪ್ಪಟ. ಅದೇ ಕುರಿಯ ಮೈಮೇಲೆ ಇನ್ನೊಂದು ಉಣ್ಣೆಯೂ ಇರುತ್ತದೆ ಎಂಬುದನ್ನು ಕುರುಬರ ಮಕ್ಕಳು ಮಾತ್ರ ಬಲ್ಲರು. ಈ ಎರಡನೆಯ ಉಣ್ಣೆಗೆ ಕೆಲವು ಕಡೆ ಉಣ್ಣಿ ಎಂದೂ ಮಲೆನಾಡಿನಲ್ಲಿ ಉಣುಗು ಎಂದೂ ಹೆಸರುಂಟು. ನೆರೆಯ ತಮಿಳಿನಲ್ಲಿಯೂ ಅದು ಉಣ್ಣಿಯೇ. 'ಉಣ್' ಎಂಬ ನಮ್ಮ ಪ್ರಾಚೀನ ಧಾತುವಿನೊಡನೆ ಈ ಹೆಸರನ್ನು ಹೊಂದಿಸಿ ನೋಡುವುದು ಸಹಜವಾಗಿಯೇ ಇದೆ: ಉಣ್ಣುವುದೇ ಅದರ ಗುಣ, ಉಣ್ಣುವುದೇ ಅದರ ಹೆಸರು. ಹಸುವಿನ ಕೆಚ್ಚಲಿನಲ್ಲೇ ವಾಸವಾಗಿದ್ದರೂ ಅದು ಹಾಲನ್ನು ಬಿಟ್ಟು ರಕ್ತವನ್ನೇ ಹೀರುತ್ತದೆಂದು ನಮ್ಮ ಹಿಂದಿನವರು ಅದನ್ನು ಗುಣವರಿಯದವನ ಉಪಮೆಯಾಗಿ ಮಾಡಿಕೊಂಡರು. ಲ್ಯಾಟಿನ್ ಭಾಷೆಯಲ್ಲಿ ಈ ಜೀವಿಗೆ ರಿಸಿನಸ್ ಎಂದು ಹೆಸರು. ನಮ್ಮ ಹರಳು ಗಿಡದ ಬೀಜ ರಕ್ತ ಕುಡಿದು ಉಬ್ಬಿದ ಉಣ್ಣೆಯನ್ನೇ ಹೋಲುವುದರಿಂದ ಸಸ್ಯಶಾಸ್ತ್ರದಲ್ಲಿ ಆ ಗಿಡಕ್ಕೂ ರಿಸಿನಸ್ ಎಂಬ ಹೆಸರೇ ನಿಂತಿದೆ. ಕಂದು ಮಚ್ಚೆಗಳ ಹೊಳೆಯುವ ಹರಳುಬೀಜವನ್ನು ಒಮ್ಮೆ ಕಂಡವರು ಈ ಹೋಲಿಕೆಯನ್ನು ಮರೆಯಲಾರರು.

ಉಣ್ಣೆ ಕೀಟವಲ್ಲ. ಕೀಟಕ್ಕೆ ಆರು ಕಾಲು. ಬಲಿತ ಉಣ್ಣೆಗೆ ಎಂಟು. ಜೇಡ, ಚೇಳುಗಳ ವಂಶಕ್ಕೆ ಸೇರಿದ್ದು ಅದು. ಮೊಟ್ಟೆಯಿಂದ ಹೊರಬಂದ ಮರಿಗೆ ಮಾತ್ರ ಆರೇ ಕಾಲು. ಅದು ಒಮ್ಮೆ ರಕ್ತ ಕುಡಿದು ಪೊರೆ ಕಳಚಿದ ಮೇಲೆ ಎಂಟು ಕಾಲಿನ ಎಳೆಯ ಉಣ್ಣೆಯಾಗುತ್ತದೆ. ಮತ್ತೊಮ್ಮೆ ಕುಡಿದು ಮತ್ತೊಮ್ಮೆ ಪೊರೆ ಕಳಚಿದರೆ ಬಲಿಯುತ್ತದೆ. ಅದರ ಜೀವನ ಹೀಗೆ ಮೂರು ಊಟಗಳ ಕಥೆ. ಕೊನೆಯ ಊಟ ಮುಗಿಸಿದ ಹೆಣ್ಣು ನೆಲಕ್ಕೆ ಬಿದ್ದು, ಮರೆಯಾದ ಒಂದು ಸಂದಿಯನ್ನು ಹುಡುಕಿ, ಸಾವಿರಾರು ಮೊಟ್ಟೆಗಳನ್ನು ಒಟ್ಟಿಗೆ ಇಟ್ಟು ಸತ್ತುಹೋಗುತ್ತದೆ. ಒಂದು ಊಟಕ್ಕೂ ಇನ್ನೊಂದಕ್ಕೂ ನಡುವೆ ತಿಂಗಳುಗಟ್ಟಲೆ ಉಪವಾಸವಿರಬಲ್ಲ ಶಕ್ತಿ ಅದಕ್ಕಿದೆ. ನಮ್ಮಲ್ಲಿ ಏಕಾದಶಿಯ ಒಂದು ದಿನಕ್ಕೇ ಸುಸ್ತಾಗುವವರು ಇದನ್ನು ಗಮನಿಸಬೇಕು.

ಅದು ಹಾರುವುದಿಲ್ಲ, ನೆಗೆಯುವುದಿಲ್ಲ, ಮರದಿಂದ ತಲೆಯ ಮೇಲೆ ಉದುರುತ್ತದೆ ಎಂಬುದೂ ತಪ್ಪು ಕಲ್ಪನೆ. ಅದು ಮಾಡುವುದು ಒಂದೇ ಕೆಲಸ: ಕಾಯುವುದು. ಹುಲ್ಲಿನ ತುದಿಗೋ ಪೊದೆಯ ಎಲೆಯ ಅಂಚಿಗೋ ಹತ್ತಿ, ಹಿಂಗಾಲುಗಳಿಂದ ಹಿಡಿದುಕೊಂಡು, ಮುಂಗಾಲುಗಳೆರಡನ್ನು ಬೇಡುವವನ ಕೈಗಳಂತೆ ಮುಂದಕ್ಕೆ ಚಾಚಿ ನಿಲ್ಲುವ ಜಾತಿಗಳು ಹಲವು. ಆ ಮುಂಗಾಲುಗಳ ತುದಿಯಲ್ಲಿ ಉಸಿರಿನ ಇಂಗಾಲಾಮ್ಲವನ್ನೂ ಮೈಯ ವಾಸನೆಯನ್ನೂ ಕಾವನ್ನೂ ಗುರುತಿಸುವ ಒಂದು ಇಂದ್ರಿಯವಿದೆ. ಪ್ರಾಣಿಯೋ ಮನುಷ್ಯನೋ ತಗುಲಿಕೊಂಡು ಹಾದುಹೋದರೆ ಅದು ಥಟ್ಟನೆ ಹಿಡಿದುಕೊಳ್ಳುತ್ತದೆ. ಆಮೇಲೆ ಅವಸರವಿಲ್ಲ. ಮೊಣಕಾಲಿನ ಹಿಂಬದಿ, ತೊಡೆಯ ಸಂದಿ, ಸೊಂಟದ ಪಟ್ಟಿಯ ಕೆಳಗೆ, ಕಂಕುಳು, ಕಿವಿಯ ಹಿಂದೆ, ಹೀಗೆ ಮೆತ್ತನೆಯ ಮರೆಯ ಜಾಗವನ್ನು ಹುಡುಕಿ ಮೂತಿಯನ್ನು ಊರುತ್ತದೆ. ಅದರ ಎಂಜಲಿನಲ್ಲಿ ನೋವು ತಿಳಿಯದಂತೆ ಮಾಡುವ ವಸ್ತುವಿದೆ. ಮೂತಿಯಲ್ಲಿ ಹಿಂದಕ್ಕೆ ಬಾಗಿದ ಮುಳ್ಳುಗಳಿವೆ. ಸೊಳ್ಳೆ ಕಚ್ಚಿದರೆ ಕೈ ತಾನಾಗಿ ಹೋಗಿ ಹೊಡೆಯುತ್ತದೆ. ಉಣ್ಣೆ ಕಚ್ಚಿದರೆ ನಮಗೆ ಸುದ್ದಿಯೇ ಇರುವುದಿಲ್ಲ. ಅದರ ಅಪಾಯವೆಲ್ಲ ಇರುವುದು ಈ ಮೌನದಲ್ಲಿ.

ಈಗ ನಮ್ಮ ಉದ್ಯಾನಗಳಿಗೆ ಬರೋಣ. ಬೆಂಗಳೂರಿನಲ್ಲಿ ನಾವು ಹೆಚ್ಚಾಗಿ ಕಾಣುವುದು ಕಂದು ಬಣ್ಣದ ನಾಯಿ ಉಣ್ಣೆ. ಅದರ ಮೂರು ಊಟಗಳೂ ಸಾಮಾನ್ಯವಾಗಿ ನಾಯಿಯ ಮೈಮೇಲೆಯೇ ನಡೆಯುತ್ತವೆ. ಹಸಿವು ಹೆಚ್ಚಿ ನಾಯಿ ಸಿಗದೆ ಹೋದಾಗ, ಅದರಲ್ಲಿಯೂ ಬಿಸಿಲಿನ ದಿನಗಳಲ್ಲಿ, ಅದು ಮನುಷ್ಯನನ್ನೂ ಕಚ್ಚುವುದುಂಟು. ಊಟಗಳ ನಡುವಣ ಕಾಲವನ್ನು ಅದು ಕಳೆಯುವುದು ಮಾತ್ರ ಹುಲ್ಲುಹಾಸಿನ ನಡುವೆ ಅಲ್ಲ. ಉಣ್ಣೆಯ ದೊಡ್ಡ ಶತ್ರು ಒಣಗುವಿಕೆ. ಗಿಡ್ಡವಾಗಿ ಕತ್ತರಿಸಿದ, ಇಡೀ ದಿನ ಬಿಸಿಲು ಬೀಳುವ ಹುಲ್ಲಿನಲ್ಲಿ ಅದರ ಮೈಯ ನೀರು ಆರಿಹೋಗುತ್ತದೆ. ಆದ್ದರಿಂದ ಅದು ಗೋಡೆಯ ಬಿರುಕು, ಕಲ್ಲುಬೆಂಚಿನ ಸಂದಿ, ಹಂಚಿನ ಅಡಿ, ನಾಯಿ ಮಲಗುವ ಮೂಲೆ, ತರಗೆಲೆಯ ರಾಶಿ, ಬೇಲಿಗಿಡದ ಬುಡ, ಇಂಥ ಕಡೆ ಸೇರಿಕೊಳ್ಳುತ್ತದೆ. ಮೇಲಕ್ಕೆ ಏರುವುದು ಅದರ ಸ್ವಭಾವ. ನಾಯಿ ಸಾಕಿದ ಮನೆಗಳಲ್ಲಿ ಗೋಡೆಯ ಮೇಲೆ ಸಾಲಾಗಿ ಹತ್ತುವ ಉಣ್ಣೆಗಳನ್ನು ಕಂಡು ಬೆಚ್ಚಿದ ಗೃಹಿಣಿಯರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ.

ಹಾಗಾದರೆ ಅಚ್ಚುಕಟ್ಟಾದ ಹುಲ್ಲುಹಾಸು ಕ್ಷೇಮವೇ? ಅದರ ನಡುಭಾಗ ಬಹುಮಟ್ಟಿಗೆ ಕ್ಷೇಮವೇ ಎನ್ನಬೇಕು. ಆದರೆ ನಾವು ಹುಲ್ಲುಹಾಸಿನ ನಡುವೆ ಎಷ್ಟು ಹೊತ್ತು ಇರುತ್ತೇವೆ? ಬಿಸಿಲೇರಿದ ಕೂಡಲೇ ಮರದ ನೆರಳಿಗೆ ಸರಿಯುತ್ತೇವೆ. ಕುಳಿತುಕೊಳ್ಳಲು ಬೇಲಿಯ ಪಕ್ಕದ ಬೆಂಚನ್ನು ಆರಿಸುತ್ತೇವೆ. ಮಕ್ಕಳ ಚೆಂಡು ಉರುಳಿ ನಿಲ್ಲುವುದು ಪೊದೆಯ ಬುಡದಲ್ಲಿ. ಬೀದಿಯ ನಾಯಿಯೂ ನಮ್ಮಂತೆಯೇ ತಂಪನ್ನು ಬಯಸುವ ಪ್ರಾಣಿ. ಅದು ಮಲಗುವುದೂ ಅಲ್ಲಿಯೇ. ಸಂಜೆ ಸಂಜೆ ನೀರು ಹಾಯಿಸಿದ ತೇವ ಬೆಳಗಿನವರೆಗೂ ಆರದೆ ನಿಲ್ಲುವುದೂ ಆ ನೆರಳಿನ ಅಂಚಿನಲ್ಲಿಯೇ. ಮೇಲಾಗಿ, ನಡುವಿನ ಹುಲ್ಲು ಅಂದವಾಗಿ ಕಾಣಲಿ ಎಂದು ಕತ್ತರಿಸಿದ ಹುಲ್ಲನ್ನೂ ಗುಡಿಸಿದ ಎಲೆಯನ್ನೂ ಒಂದು ಮೂಲೆಗೆ ತಳ್ಳಿ ವಾರಗಟ್ಟಲೆ ಬಿಡುವುದು ನಮ್ಮಲ್ಲಿ ಸಾಮಾನ್ಯ. ನಡುವೆ ಅಂದ ಹೆಚ್ಚಿದಷ್ಟೂ ಮೂಲೆಯ ರಾಶಿ ಬೆಳೆಯುತ್ತದೆ. ಬೇಲಿಯೇ ಎದ್ದು ಹೊಲ ಮೇಯಿತು ಎಂಬ ಗಾದೆಯನ್ನು ಇಲ್ಲಿ ಬೇರೆ ಅರ್ಥದಲ್ಲಿ ನೆನೆಯಬಹುದು. ಅಂದವೂ ಕ್ಷೇಮವೂ ಒಂದೇ ಅಲ್ಲ. ಅಂದ ಕಣ್ಣಿಗೆ ಕಾಣುವ ಕಡೆ ಇರುತ್ತದೆ, ಕ್ಷೇಮವನ್ನು ಕಣ್ಣಿಗೆ ಬೀಳದ ಕಡೆ ನೋಡಿಕೊಳ್ಳಬೇಕು.

ಈ ಬಡಾವಣೆಗಳ ಪೂರ್ವಕಥೆಯನ್ನು ಸ್ವಲ್ಪ ನೆನೆದರೆ ಇನ್ನೊಂದು ಸಂಗತಿ ಹೊಳೆಯುತ್ತದೆ. ಬೆಂಗಳೂರಿಗೆ ಉದ್ಯಾನದ ಹುಚ್ಚು ಹೊಸದಲ್ಲ. ಹೈದರಾಲಿ ೧೭೬೦ರಲ್ಲಿ ಲಾಲ್‌ಬಾಗಿಗೆ ಅಡಿಪಾಯ ಹಾಕಿದ. ೧೯೦೮ರಲ್ಲಿ ಇಲ್ಲಿಗೆ ಬಂದ ಜರ್ಮನಿಯ ಕ್ರುಂಬಿಗಲ್ ಅವರು ಲಾಲ್‌ಬಾಗನ್ನೂ ನಗರದ ಸಾಲುಮರಗಳನ್ನೂ ರೂಪಿಸಿದರು. ೧೯೪೮ರಲ್ಲಿ ರಾಜಗೋಪಾಲಾಚಾರಿಯವರು ಅಶೋಕ ಸ್ತಂಭದ ಬಳಿ ಜಯನಗರಕ್ಕೆ ನಾಂದಿ ಹಾಡಿದಾಗ ಸುತ್ತ ಇದ್ದದ್ದು ಯಡಿಯೂರು, ಭೈರಸಂದ್ರಗಳಂಥ ಹಳ್ಳಿಗಳು, ಕೆರೆಗಳು, ಹೊಲಗಳು. ಬಿ.ಟಿ.ಎಂ. ಎಂಬ ಮೂರಕ್ಷರಗಳಲ್ಲಿ ಅಡಗಿರುವುದೂ ಭೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಊರುಗಳ ಹೆಸರೇ. ಆ ಊರುಗಳಲ್ಲಿ ದನಗಳಿದ್ದವು, ದನಗಳ ಮೇಲೆ ಉಣ್ಣೆಯಿತ್ತು. ಆದರೆ ಉಣ್ಣೆಯೊಡನೆ ಬಾಳುವ ತಿಳಿವಳಿಕೆಯೂ ಅಲ್ಲಿತ್ತು. ಸಂಜೆ ಮೇವಿನಿಂದ ಮರಳಿದ ಹಸುವಿನ ಕೊರಳು, ಕಿವಿ, ಕೆಚ್ಚಲುಗಳನ್ನು ಸವರಿ ನೋಡಿ ಉಣ್ಣೆ ಕೀಳುವುದು ರೈತನ ಮನೆಯ ಪದ್ಧತಿ. ಹಸುವಿನ ಬೆನ್ನಿನ ಮೇಲೆ ಗೊರವಂಕ, ಕಾಲ ಬಳಿ ಬೆಳ್ಳಕ್ಕಿ ಅದೇ ಕೆಲಸಕ್ಕೆ ನೆರವಾಗುತ್ತಿದ್ದವು. ನಾವು ಆ ಹೊಲಗಳ ಮೇಲೆ ಮನೆ ಕಟ್ಟಿದೆವು, ಹುಲ್ಲು ಹಾಸಿದೆವು. ಉಣ್ಣೆ ದನದಿಂದ ಹೋದರೂ ನಾಯಿಯ ಮೇಲೆ ಉಳಿಯಿತು. ಉಣ್ಣೆಯನ್ನು ಹುಡುಕುವ ಬೆರಳು ಮಾತ್ರ ಉಳಿಯಲಿಲ್ಲ.

ಇನ್ನು ಉಣ್ಣೆಯಿಂದ ಬರುವ ಕೇಡು ಏನು? ರಕ್ತ ಹೋಗುವುದು ಅಲ್ಪ. ಎಂಜಲಿನ ಮೂಲಕ ಬರುವುದು ದೊಡ್ಡದು. ಉಣ್ಣೆ ರೋಗವನ್ನು ಹೊತ್ತು ತರುತ್ತದೆ ಎಂಬುದನ್ನು ಅಮೆರಿಕದ ಥಿಯೊಬಾಲ್ಡ್ ಸ್ಮಿತ್ ಮತ್ತು ಕಿಲ್ಬೋರ್ನ್ ಎಂಬವರು ದನಗಳ ಟೆಕ್ಸಾಸ್ ಜ್ವರವನ್ನು ಪರೀಕ್ಷಿಸಿ ೧೮೯೩ರಲ್ಲಿ ಪ್ರಕಟಿಸಿದರು. ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯದ ಬೀಜವನ್ನು ಕಂಡದ್ದು ೧೮೯೭ರಲ್ಲಿ. ಎಂದರೆ ಮಲೇರಿಯದ ಅಪರಾಧಿಯಾಗಿ ಸೊಳ್ಳೆಯ ಹೆಸರು ದಾಖಲಾಗುವುದಕ್ಕಿಂತ ಮೊದಲೇ ಉಣ್ಣೆಯ ಹೆಸರು ದಾಖಲಾಗಿತ್ತು. ನಮ್ಮ ನಗರದಲ್ಲಿ ನಾಯಿ ಸಾಕಿದವರೆಲ್ಲರಿಗೂ 'ಟಿಕ್ ಫೀವರ್' ಎಂಬ ಮಾತು ಪರಿಚಿತ. ನಾಯಿ ಮೇವು ಬಿಟ್ಟು, ಮಂಕಾಗಿ, ಮೂಗಿನಲ್ಲಿ ರಕ್ತ ಸುರಿಸಿ ಪ್ರಾಣ ಕಳೆದುಕೊಳ್ಳುವಷ್ಟು ದೂರ ಹೋಗಬಲ್ಲ ಕಾಯಿಲೆ ಅದು. ಅದನ್ನು ತರುವುದು ಇದೇ ಕಂದು ಉಣ್ಣೆ.

ಮನುಷ್ಯನಿಗೂ ಇದೇ ಉಣ್ಣೆಯಿಂದ ಒಂದು ಜ್ವರ ಬರಬಹುದು. ಅದಕ್ಕೆ ಇಂಡಿಯನ್ ಟಿಕ್ ಟೈಫಸ್ ಎಂದು ಹೆಸರು. ಇದಕ್ಕೂ ನಾವು ವಿಷಮಶೀತ ಜ್ವರ ಎನ್ನುವ ಟೈಫಾಯಿಡಿಗೂ ಹೆಸರಿನ ಹೋಲಿಕೆಯಷ್ಟೇ ಹೊರತು ಸಂಬಂಧವಿಲ್ಲ. ರಿಕೆಟ್ಸಿಯ ಎಂಬ ಅತಿಸೂಕ್ಷ್ಮ ಜೀವಿ ಇದಕ್ಕೆ ಕಾರಣ. ಕಚ್ಚಿದ ಸುಮಾರು ಒಂದು ವಾರದ ಮೇಲೆ ಜ್ವರ, ತಡೆಯಲಾರದ ತಲೆನೋವು, ಮೈಕೈ ನೋವು. ಅನಂತರ ಕೆಂಪು ಕಲೆಗಳು, ಅಂಗೈ ಅಂಗಾಲುಗಳಲ್ಲಿ ಕೂಡ. ಕೆಲವರಲ್ಲಿ ಕಚ್ಚಿದ ಜಾಗದಲ್ಲಿ ಸಿಗರೇಟಿನಿಂದ ಸುಟ್ಟಂತೆ ಕಾಣುವ ಕಪ್ಪು ಹಕ್ಕಳೆ. ಇದರದೇ ಬಂಧುವಾದ ಮತ್ತೊಂದು ಜ್ವರ ಸ್ಕ್ರಬ್ ಟೈಫಸ್. ಕುರುಚಲು ಪೊದೆಗಳಲ್ಲಿರುವ, ಕಣ್ಣಿಗೆ ಕಾಣದಷ್ಟು ಚಿಕ್ಕದಾದ ನುಸಿಯ ಮರಿ ಇದನ್ನು ತರುತ್ತದೆ. ಇದರ ರೋಗಾಣುವಿನ ಹೆಸರಿನಲ್ಲಿರುವ 'ತ್ಸುತ್ಸುಗಾಮುಶಿ' ಎಂಬುದು ಜಪಾನೀ ಮಾತು. ಕೇಡಿನ ಹುಳು ಎಂದು ಅದರ ಅರ್ಥ. ಎರಡನೆಯ ಮಹಾಯುದ್ಧದಲ್ಲಿ ಬರ್ಮಾದ ಕಾಡುಗಳಲ್ಲಿ ಹೋರಾಡಿದ ಸೈನಿಕರನ್ನು ಗುಂಡಿನಂತೆಯೇ ಕಾಡಿದ ಜ್ವರ ಇದು. ಈ ಎರಡೂ ಜ್ವರಗಳು ಕರ್ನಾಟಕದಲ್ಲಿ ಕಂಡುಬಂದಿವೆ.

ಇಲ್ಲಿ ಭಯಪಡಿಸುವ ಮಾತಿಗಿಂತ ಸಮಾಧಾನದ ಮಾತೇ ದೊಡ್ಡದು. ಈ ಎರಡು ಜ್ವರಗಳಿಗೂ ಡಾಕ್ಸಿಸೈಕ್ಲಿನ್ ಎಂಬ ಹಳೆಯ, ಅಗ್ಗದ ಔಷಧಿಯೇ ಸಾಕು. ಸಕಾಲದಲ್ಲಿ ಕೊಟ್ಟರೆ ಎರಡು ಮೂರು ದಿನಗಳಲ್ಲಿಯೇ ಜ್ವರ ಇಳಿಯುವುದು ವಾಡಿಕೆ. ತಡವಾದರೆ ಮೂತ್ರಪಿಂಡ, ಶ್ವಾಸಕೋಶ, ಮಿದುಳುಗಳಿಗೆ ಹಬ್ಬಿ ಪ್ರಾಣಕ್ಕೆ ಬರಬಹುದು. ಎಂದಮೇಲೆ ಜೀವನ್ಮರಣಗಳ ನಡುವೆ ಇರುವುದು ಔಷಧಿಯ ಬೆಲೆಯಲ್ಲ, ಒಂದು ಗುಮಾನಿ. ಮಳೆಗಾಲದ ಬೆಂಗಳೂರಿನಲ್ಲಿ ಜ್ವರವೆಂದರೆ ಡೆಂಗೆ, ಇಲ್ಲವೆ ಟೈಫಾಯಿಡ್, ಇಲ್ಲವೆ ಹೆಸರಿಲ್ಲದ 'ವೈರಲ್'. ವೈದ್ಯರ ಮುಂದಿನ ಸಾಲು ಉದ್ದ, ಸಮಯ ಕಡಮೆ. ರೋಗಿಯ ಮೊಣಕಾಲಿನ ಹಿಂದೆ, ತೊಡೆಯ ಸಂದಿಯಲ್ಲಿ ಒಂದು ಕಪ್ಪು ಹಕ್ಕಳೆ ಇದೆಯೆಂದು ರೋಗಿಗೇ ತಿಳಿಯದಿದ್ದರೆ ವೈದ್ಯರಿಗೆ ಹೇಗೆ ತಿಳಿಯಬೇಕು? "ಹತ್ತು ದಿನದ ಹಿಂದೆ ಕಾಲಿನಿಂದ ಒಂದು ಉಣ್ಣೆ ಕಿತ್ತು ಬಿಸಾಡಿದೆ, ಡಾಕ್ಟರೇ" ಎಂಬ ಒಂದು ವಾಕ್ಯ ಎಷ್ಟೋ ಪರೀಕ್ಷೆಗಳಿಗಿಂತ ಹೆಚ್ಚು ಬೆಳಕು ಕೊಡಬಹುದು.

ಹಾಗಾದರೆ ಅಮೆರಿಕದ ಮಕ್ಕಳು ಹೇಳುವ ಭಯ ಯಾವುದು? ಅದು ಬೇರೆಯೇ ಒಂದು ಉಣ್ಣೆಯ, ಬೇರೆಯೇ ಒಂದು ರೋಗದ ಭಯ. ೧೯೭೫ರ ಸುಮಾರಿಗೆ ಕನೆಕ್ಟಿಕಟ್ ರಾಜ್ಯದ ಲೈಮ್ ಎಂಬ ಊರಿನ ಸುತ್ತ ಅನೇಕ ಮಕ್ಕಳಿಗೆ ಒಟ್ಟಿಗೆ ಕೀಲುನೋವು ಬಂತು. ತಾಯಂದಿರು ಪಟ್ಟುಹಿಡಿದು ಕೇಳಿದ್ದರಿಂದ ಸಂಶೋಧನೆ ನಡೆದು ಲೈಮ್ ರೋಗ ಪತ್ತೆಯಾಯಿತು. ಅದನ್ನು ತರುವುದು ಅಲ್ಲಿಯ ಜಿಂಕೆ ಉಣ್ಣೆ. ಅದರ ಎಳೆಯ ರೂಪ ಗಸಗಸೆ ಕಾಳಿನಷ್ಟೇ ದೊಡ್ಡದು. ನಮ್ಮ ನಾಯಿ ಉಣ್ಣೆ ಆ ರೋಗವನ್ನು ತರುವುದಿಲ್ಲ. ಆದರೆ ಅಲ್ಲಿಯವರು ಕಲಿತ ಪಾಠ ನಮಗೂ ಒಗ್ಗುತ್ತದೆ. ಅಲ್ಲಿಯ ಮನೆಗಳ ಹುಲ್ಲುಹಾಸುಗಳಲ್ಲಿಯೂ ಉಣ್ಣೆ ಹೆಚ್ಚಾಗಿ ಸಿಗುವುದು ನಡುವಿನಲ್ಲಲ್ಲ, ಹುಲ್ಲು ಮುಗಿದು ಕಾಡು ಮೊದಲಾಗುವ ಅಂಚಿನಲ್ಲಿ. ಆದ್ದರಿಂದ ಅಲ್ಲಿ ಹುಲ್ಲಿಗೂ ಪೊದೆಗೂ ನಡುವೆ ಸುಮಾರು ಮೂರು ಅಡಿ ಅಗಲಕ್ಕೆ ಜಲ್ಲಿಯನ್ನೋ ಮರದ ಚಕ್ಕೆಯನ್ನೋ ಹರಡಿ ಒಂದು ಒಣ ಗಡಿಯನ್ನು ಮಾಡಲು ಸಲಹೆ ಕೊಡುತ್ತಾರೆ.

ಅಮೆರಿಕದಿಂದ ನಮಗೆ ಹೆಚ್ಚು ಹತ್ತಿರವಾದ ಉದಾಹರಣೆ ಇನ್ನೊಂದಿದೆ. ಈ ಶತಮಾನದ ಮೊದಲ ದಶಕದಲ್ಲಿ ಅರಿಜೋನ ರಾಜ್ಯದ ಮೂಲನಿವಾಸಿಗಳ ಊರುಗಳಲ್ಲಿ ಒಂದು ಕಲೆಜ್ವರ ಹಬ್ಬಿ ಸಾವುಗಳಾದವು. ಪರೀಕ್ಷಿಸಿದಾಗ ಸಿಕ್ಕಿದ್ದು ಇದೇ ಕಂದು ನಾಯಿ ಉಣ್ಣೆಯ ಬಳಗ. ಬೀದಿಯಲ್ಲಿ ಸ್ವೇಚ್ಛೆಯಾಗಿ ತಿರುಗುವ ನಾಯಿಗಳು ಅಲ್ಲಿ ಬಹಳ. ಅಲ್ಲಿಯವರು ನಾಯಿಗಳ ಕೊರಳಿಗೆ ಉಣ್ಣೆ ಹತ್ತದ ಔಷಧಿಯ ಪಟ್ಟಿ ಕಟ್ಟಿದರು, ಮನೆಯ ಅಂಗಳಗಳಿಗೆ ಕ್ರಮವಾಗಿ ಔಷಧಿ ಹಾಕಿದರು, ಮನೆಮನೆಗೆ ಹೋಗಿ ತಿಳಿಸಿದರು, ಉಣ್ಣೆ ಇಳಿಮುಖವಾಯಿತು. ನಾಯಿಯನ್ನು ಕಾಪಾಡಿದ್ದೇ ಮಕ್ಕಳನ್ನು ಕಾಪಾಡುವ ದಾರಿಯಾಯಿತು. ಬೀದಿನಾಯಿಯ ಮಾತು ಬಂದರೆ ಎರಡು ಪಂಗಡಗಳಾಗಿ ಕಾದಾಡುವ ನಮ್ಮ ಬಡಾವಣೆಯ ಸಂಘಗಳು ಈ ಒಂದು ಅಂಶದಲ್ಲಾದರೂ ಕೂಡಿ ಕೆಲಸ ಮಾಡಬಹುದು.

ಉಣ್ಣೆಯ ಮಾತನಾಡುವ ಕನ್ನಡಿಗನು ಮಲೆನಾಡನ್ನು ನೆನೆಯದಿದ್ದರೆ ಅದು ಕೃತಘ್ನತೆಯಾದೀತು. ನಗರದಲ್ಲಿ ನಮಗೆ ಅಪರೂಪದ ಗುಮಾನಿಯಾಗಿರುವುದು ಅಲ್ಲಿ ವರ್ಷವರ್ಷದ ಸಂಕಟ. ೧೯೫೭ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನ ಸುತ್ತ ಮಂಗಗಳು ಸತ್ತು ಬೀಳತೊಡಗಿದವು. ಅದೇ ಹೊತ್ತಿಗೆ ಹಳ್ಳಿಯವರಿಗೆ ಒಂದು ಕಡು ಜ್ವರ ಬಂತು. ಎರಡಕ್ಕೂ ನಂಟುಂಟೆಂದು ಪ್ರಯೋಗಾಲಯಗಳಿಗಿಂತ ಮೊದಲು ಕಂಡುಕೊಂಡವರು ಆ ಹಳ್ಳಿಯ ಜನರೇ. ಮಂಗನ ಕಾಯಿಲೆ ಎಂದು ಹೆಸರಿಟ್ಟವರೂ ಅವರೇ. ಪುಣೆಯ ವೈರಸ್ ಸಂಶೋಧನ ಕೇಂದ್ರದ ವಿಜ್ಞಾನಿಗಳು ಬಂದು, ಮೊದಲು ಹಳದಿ ಜ್ವರವಿರಬಹುದೆಂದು ಶಂಕಿಸಿ, ಕೊನೆಗೆ ಜಗತ್ತಿಗೇ ಹೊಸದಾದ ಒಂದು ವೈರಸ್ಸನ್ನು ಗುರುತಿಸಿದರು. ಅದಕ್ಕೆ ಕ್ಯಾಸನೂರಿನ ಹೆಸರೇ ನಿಂತಿತು. ಅದನ್ನು ಹರಡುವುದು ಕಾಡಿನ ಉಣುಗು. ಹೆಸರಿನಲ್ಲಿ ಮಂಗವಿದ್ದರೂ ಮಂಗ ಅಪರಾಧಿಯಲ್ಲ, ನಮ್ಮಂತೆಯೇ ಬಲಿ. ಸತ್ತ ಮಂಗದ ಮೈಯಿಂದ ಇಳಿದ ಉಣುಗುಗಳಿಂದ ಸುತ್ತಣ ನೆಲ ಅಪಾಯದ ನೆಲವಾಗುತ್ತದೆ.

ಈ ರೋಗ ಬರುವುದು ಹೆಚ್ಚಾಗಿ ಚಳಿಗಾಲದಿಂದ ಬೇಸಗೆಯ ಕೊನೆಯವರೆಗೆ, ಎಳೆಯ ಉಣುಗುಗಳು ಹೆಚ್ಚಾಗಿರುವ ಕಾಲದಲ್ಲಿ. ಮಲೆನಾಡಿನವರು ಕಟ್ಟಿಗೆಗೆ, ಕೊಟ್ಟಿಗೆಯ ಹಾಸಿಗೆ ಬೇಕಾದ ದರಗಿಗೆ, ತೋಟದ ಗೊಬ್ಬರಕ್ಕೆ ಬೇಕಾದ ಸೊಪ್ಪಿಗೆ ಕಾಡಿಗೂ ಸೊಪ್ಪಿನ ಬೆಟ್ಟಕ್ಕೂ ಹೋಗುವ ಕಾಲವೂ ಅದೇ. ರೋಗ ಬಂದವರಲ್ಲಿ ನೂರಕ್ಕೆ ಮೂರರಿಂದ ಐದು ಮಂದಿ ಸಾಯುವರೆಂಬುದು ಸಾಮಾನ್ಯ ಲೆಕ್ಕ. ಅದಕ್ಕೆ ನೇರವಾದ ಔಷಧಿ ಇಲ್ಲ. ೧೯೮೦ರ ದಶಕದ ಆರಂಭದಲ್ಲಿ ದಕ್ಷಿಣ ಕನ್ನಡದ ಬೆಳ್ತಂಗಡಿ ತಾಲೂಕಿನ ನಿಡ್ಲೆಯ ಕಡೆ ಕಾಡು ಕಡಿದ ಬಳಿಕ ಅದು ಭೀಕರವಾಗಿ ಎದ್ದಿತು. ೨೦೧೨ರಲ್ಲಿ ಬಂಡೀಪುರದ ಕಡೆ ಕಾಣಿಸಿತು. ೨೦೧೮-೧೯ರಲ್ಲಿ ಸಾಗರ ತಾಲೂಕಿನ ಅರಳಗೋಡು ಸುತ್ತ ಮನೆಮನೆಗಳನ್ನು ಅಲುಗಿಸಿತು. ದಶಕಗಳ ಕಾಲ ಹಾಕುತ್ತಿದ್ದ ಲಸಿಕೆ ತಕ್ಕಷ್ಟು ರಕ್ಷಣೆ ಕೊಡುತ್ತಿಲ್ಲವೆಂದು ಕಂಡು ೨೦೨೨ರಲ್ಲಿ ಅದನ್ನು ನಿಲ್ಲಿಸಲಾಯಿತು. ಹೊಸದಕ್ಕೆ ಪ್ರಯತ್ನ ನಡೆದಿದೆ. ಸದ್ಯಕ್ಕೆ ಅಲ್ಲಿಯ ಕೂಲಿಕಾರನ ಆಸರೆ ಕೈಕಾಲಿಗೆ ಹಚ್ಚಿಕೊಳ್ಳುವ ಎಣ್ಣೆ, ಮೈತುಂಬ ಬಟ್ಟೆ, ಮನೆಗೆ ಬಂದ ಕೂಡಲೇ ಬಿಸಿನೀರಿನ ಸ್ನಾನ ಮತ್ತು ಮೈಯನ್ನು ಹುಡುಕಿ ನೋಡುವ ಅಭ್ಯಾಸ.

ಈ ಮಂಗನ ಕಾಯಿಲೆಯ ನೆಲೆ ಕಾಡು. ಜಯನಗರದ ಹುಲ್ಲುಹಾಸಿನಲ್ಲಿ ಅದನ್ನು ಹುಡುಕಬೇಕಾಗಿಲ್ಲ. ಆದರೆ ಜಯನಗರದವರು ಇಂದು ಜಯನಗರದಲ್ಲೇ ಇರುವುದಿಲ್ಲವಲ್ಲ! ರಜೆ ಬಂದರೆ ಸಾಗರ, ತೀರ್ಥಹಳ್ಳಿ, ಶೃಂಗೇರಿಗಳ ಕಡೆ ಚಾರಣಕ್ಕೂ ತೋಟದ ಮನೆಗಳಿಗೂ ಹೋಗುತ್ತಾರೆ. ಹಾಗೆ ಹೋಗುವವರು ಆ ಊರಿನವರ ಮಾತನ್ನು ಕೇಳಬೇಕು. ಮಂಗ ಸತ್ತಿದೆ, ಆ ಕಡೆ ಹೋಗಬೇಡಿ ಎಂದರೆ ಹೋಗಬಾರದು. ಮರಳಿ ಬಂದ ಮೇಲೆ ಜ್ವರ ಬಂದರೆ ಯಾವ ಕಾಡಿಗೆ ಹೋಗಿದ್ದೆವೆಂದು ಬೆಂಗಳೂರಿನ ವೈದ್ಯರಿಗೆ ತಾವಾಗಿಯೇ ಹೇಳಬೇಕು.

ಇನ್ನು ನಗರದಲ್ಲಿ ನಾವು ಮಾಡಬೇಕಾದ್ದೇನು? ಕಷ್ಟದ್ದು ಏನೂ ಇಲ್ಲ. ಬೇಲಿಗಿಡಕ್ಕೆ ಒರಗಿ ಕೂರದೆ, ತರಗೆಲೆಯ ಮೇಲೆ ಮಲಗದೆ ಇದ್ದರೆ ಅರ್ಧ ಕೆಲಸ ಮುಗಿಯಿತು. ಹುಲ್ಲಿನ ಮೇಲೆ ಕೂರುವುದಾದರೆ ಬಿಸಿಲು ಬಿದ್ದ ನಡುಭಾಗದಲ್ಲಿ ಒಂದು ತಿಳಿಬಣ್ಣದ ಜಮಖಾನೆ ಹಾಸಿಕೊಳ್ಳಬಹುದು. ಏನಾದರೂ ಹತ್ತಿದರೆ ಕಣ್ಣಿಗೆ ಬೀಳುತ್ತದೆ. ಮನೆಗೆ ಬಂದ ಮೇಲೆ ಕಾಲು ತೊಳೆಯುವ ನಮ್ಮ ಹಳೆಯ ಸಂಪ್ರದಾಯಕ್ಕೆ ಒಂದು ನಿಮಿಷ ಸೇರಿಸಿ ಮೊಣಕಾಲಿನ ಹಿಂದೆ, ಸೊಂಟದ ಸುತ್ತ, ಮಕ್ಕಳಿಗಾದರೆ ಕಿವಿಯ ಹಿಂದೆ, ತಲೆಗೂದಲಲ್ಲಿ ಬೆರಳಾಡಿಸಿ ನೋಡಿದರೆ ಸಾಕು.

ಉಣ್ಣೆ ಹತ್ತಿಕೊಂಡಿದ್ದರೆ ಅದನ್ನು ಊದುಬತ್ತಿಯಿಂದ ಸುಡುವುದು, ಸೀಮೆಎಣ್ಣೆ ಹಾಕುವುದು, ಸುಣ್ಣ ಬಳಿಯುವುದು, ಇವೆಲ್ಲ ನಮ್ಮಲ್ಲಿ ವಾಡಿಕೆ. ಇವು ಯಾವುವೂ ಸಲ್ಲವು. ಹಿಂಸೆಗೊಂಡ ಉಣ್ಣೆ ತನ್ನ ಹೊಟ್ಟೆಯಲ್ಲಿದ್ದುದನ್ನು ನಮ್ಮ ಮೈಯೊಳಕ್ಕೆ ಕಾರುವ ಸಂಭವವುಂಟು. ತುದಿ ಸಣ್ಣಗಿರುವ ಚಿಮಟವನ್ನು ಚರ್ಮಕ್ಕೆ ಆದಷ್ಟು ಒತ್ತಿಹಿಡಿದು, ಉಣ್ಣೆಯ ಹೊಟ್ಟೆಯನ್ನು ಹಿಸುಕದೆ ಬಾಯಿಯ ಬಳಿ ಹಿಡಿದು, ತಿರುಚದೆ ನೇರವಾಗಿ ಮೇಲಕ್ಕೆ ಎಳೆಯಬೇಕು. ಜಾಗವನ್ನು ಸಾಬೂನಿನಿಂದ ತೊಳೆಯಬೇಕು. ಕಿತ್ತ ಉಣ್ಣೆಯನ್ನು ಉಗುರಿನ ನಡುವೆ ಒರೆಯಬಾರದು. ಸ್ಪಿರಿಟ್ಟಿನಲ್ಲಿ ಹಾಕಿದರೆ ಸಾಯುತ್ತದೆ. ಅಂದಿನ ತಾರೀಖನ್ನು ಗೋಡೆಯ ಪಂಚಾಂಗದಲ್ಲಿ ಗುರುತು ಹಾಕಿಡುವುದು ಒಳ್ಳೆಯದು. ಮುಂದಿನ ಎರಡು ವಾರಗಳಲ್ಲಿ ಜ್ವರ ಬಂದರೆ ಆ ಗುರುತು ವೈದ್ಯರಿಗೆ ಹೇಳುವ ವಾಕ್ಯವಾಗುತ್ತದೆ. ಬಾರದಿದ್ದರೆ, ಮತ್ತು ಬಹಳ ಮಟ್ಟಿಗೆ ಬರುವುದೇ ಇಲ್ಲ, ಅದನ್ನು ಮರೆಯಬಹುದು.

ಉದ್ಯಾನವನ್ನು ನೋಡಿಕೊಳ್ಳುವವರಲ್ಲಿಯೂ ಒಂದು ಬಿನ್ನಹ. ಉಣ್ಣೆ ಎಂದ ಕೂಡಲೇ ಇಡೀ ಹುಲ್ಲಿಗೆ ವಿಷ ಸಿಂಪಡಿ ಎಂದು ಕೇಳುವ ನಾಗರಿಕರು ಇದ್ದಾರೆ. ಅದರಿಂದ ಜೇನುನೊಣ, ಚಿಟ್ಟೆಗಳು ಸಾಯುತ್ತವೆ; ಬಿರುಕಿನೊಳಗಿನ ಉಣ್ಣೆ ಉಳಿದು, ಬರಬರುತ್ತ ವಿಷಕ್ಕೇ ಒಗ್ಗಿಕೊಳ್ಳುತ್ತದೆ. ಅದಕ್ಕಿಂತ ತರಗೆಲೆಯ ರಾಶಿಯನ್ನು ದಿನದಿನವೂ ಗೊಬ್ಬರದ ಗುಂಡಿಗೆ ಸಾಗಿಸುವುದು, ಬೇಲಿಗಿಡದ ಬುಡವನ್ನು ಬೆಳಕಾಡುವಂತೆ ಸವರುವುದು, ಸಂಜೆಯ ಬದಲು ಬೆಳಗ್ಗೆ ನೀರು ಹಾಯಿಸುವುದು, ಕಲ್ಲುಬೆಂಚು ಗೋಡೆಗಳ ಬಿರುಕುಗಳಿಗೆ ಗಾರೆ ತುಂಬುವುದು, ಉದ್ಯಾನದ ನಾಯಿಗಳಿಗೆ ಪಶುವೈದ್ಯರಿಂದ ಉಣ್ಣೆ ನಿವಾರಣೆಯ ಔಷಧಿ ಕೊಡಿಸುವುದು ಮೇಲು. ಮನೆಯ ನಾಯಿಯನ್ನು ಉದ್ಯಾನಕ್ಕೆ ಕರೆತರುವವರು ಅದರ ಕಿವಿಯೊಳಗೂ ಬೆರಳ ಸಂದಿಯಲ್ಲೂ ನೋಡಿಕೊಳ್ಳುವುದು ನೆರೆಹೊರೆಯವರಿಗೆ ಮಾಡುವ ಉಪಕಾರ.

ಕೊನೆಯದಾಗಿ ನಾವು ಸಾಮಾನ್ಯವಾಗಿ ಮರೆತುಬಿಡುವ ಒಬ್ಬ ವ್ಯಕ್ತಿಯ ಮಾತು. ನಾವು ಅರ್ಧ ಗಂಟೆ ನಡೆದು ಮನೆಗೆ ಹೋಗುತ್ತೇವೆ. ಉದ್ಯಾನದ ಮಾಲಿ ಇಡೀ ದಿನ ಅಲ್ಲಿರುತ್ತಾನೆ. ಎಲೆಯ ರಾಶಿಯನ್ನು ಬರಿಗೈಯಲ್ಲಿ ಬಾಚುವವಳು, ಬೇಲಿಯ ಬುಡದಲ್ಲಿ ಕುಕ್ಕುರುಗಾಲಿನಲ್ಲಿ ಕುಳಿತು ಕಳೆ ಕೀಳುವವಳು ಅವನ ಜೊತೆಯ ಹೆಂಗಸು. ಅಂಚಿನ ಅಪಾಯವೆಲ್ಲ ಅವರ ಪಾಲಿನದು. ಮಲೆನಾಡಿನ ದರಗಿನ ಕೂಲಿಗೂ ನಗರದ ಹುಲ್ಲಿನ ಕೂಲಿಗೂ ಇರುವ ಈ ಹೋಲಿಕೆಯನ್ನು ನಾವು ಕಾಣಬೇಕು. ಅವರಿಗೆ ಕೈಗವಸು, ಮುಚ್ಚಿದ ಬೂಟು, ಕೆಲಸ ಮುಗಿದ ಮೇಲೆ ಕೈಕಾಲು ತೊಳೆಯಲು ನೀರು ಮತ್ತು ಮರೆ, ಜ್ವರ ಬಂದರೆ ಕೂಲಿ ಕಳೆದುಕೊಳ್ಳದೆ ವೈದ್ಯರ ಬಳಿ ಹೋಗುವ ಅವಕಾಶ, ಇಷ್ಟನ್ನು ನಗರಾಡಳಿತದಿಂದ ಕೇಳಿ ಪಡೆಯುವುದು ಆ ಹುಲ್ಲಿನ ಅಂದವನ್ನು ಅನುಭವಿಸುವ ನಮ್ಮ ಋಣ.

ಹಸುವಿನ ಮೈಯನ್ನು ಸವರಿ ಉಣ್ಣೆ ಕೀಳುತ್ತಿದ್ದ ರೈತನ ಕೈಯಲ್ಲಿ ಪ್ರೀತಿಯೂ ಪರೀಕ್ಷೆಯೂ ಬೇರೆ ಬೇರೆಯಾಗಿರಲಿಲ್ಲ. ಹುಲ್ಲಿಗೆ ಹೆದರಿ ಮನೆಯೊಳಗೆ ಕುಳಿತುಕೊಳ್ಳುವುದೂ ಬೇಡ, ಹುಲ್ಲು ಅಂದವಾಗಿದೆಯೆಂದು ಮೈಮರೆಯುವುದೂ ಬೇಡ. ಅಂಚನ್ನು ನೋಡುವ ಕಣ್ಣು, ಮೈಯನ್ನು ಹುಡುಕುವ ಬೆರಳು, ವೈದ್ಯರಿಗೆ ಹೇಳುವ ಒಂದು ಮಾತು, ಇವು ಮೂರು ಇದ್ದರೆ ಇಬ್ಬನಿಯ ಹುಲ್ಲಿನ ಮೇಲೆ ನಾವು ನಿಶ್ಚಿಂತೆಯಾಗಿ ನಡೆಯಬಹುದು.